‘ಎ’ನಾ, ‘ಆ್ಯನ್’ನಾ? ಮೊದಲು ಕನ್ನಡದಲ್ಲಿ ಬರೆಯಿರಿ

ಇಂಗ್ಲಿಷ್ ಪದದ ಶುರುವಿನಲ್ಲಿ ಎ, ಇ, ಐ, ಒ, ಯು ಬಂದರೆ ಅದರ ಹಿಂದೆ ‘ಆ್ಯನ್’, ಉಳಿದದ್ದಕ್ಕೆಲ್ಲ ‘ಎ’. ಶಾಲೆಯಲ್ಲಿ ಎಲ್ಲರೂ ಉರು ಹೊಡೆದದ್ದು ಇದನ್ನೇ. ಆದರೆ ಈ ಸೂತ್ರ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ಉಡುಪಿ, ಯೂನಿವರ್ಸಿಟಿ ಎರಡರ ಸ್ಪೆಲ್ಲಿಂಗೂ ‘ಯು’ ಅಕ್ಷರದಿಂದಲೇ ಶುರು. ಬರೆಯಬೇಕಾದ್ದು ಮಾತ್ರ ‘ಆ್ಯನ್ ಉಡುಪಿ ಹೋಟೆಲ್’, ‘ಎ ಯೂನಿವರ್ಸಿಟಿ’. ಇಲ್ಲಿ ಲೆಕ್ಕಕ್ಕೆ ಬರುವುದು ಬಾಯಿಂದ ಹೊರಡುವ ಮೊದಲ ಸದ್ದು, ಕಾಗದದ ಮೇಲಿನ ಅಕ್ಷರ ಅಲ್ಲ.

ಆ ಸದ್ದನ್ನು ಹಿಡಿಯಲು ಕನ್ನಡ ಲಿಪಿಯೇ ಸಾಕು. ಪದವನ್ನು ಹೇಳುವ ಹಾಗೆಯೇ ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಗಂಟೆಗೆ ಹೇಳುವ ‘ಅವರ್’ ಸ್ಪೆಲ್ಲಿಂಗಿನಲ್ಲಿ ಎಚ್ ಇದೆ, ಬಾಯಲ್ಲಿ ಇಲ್ಲ. ಹಾಗಾಗಿ ‘ಆ್ಯನ್ ಅವರ್’. ‘ಯುರೋಪಿಯನ್’ ಶುರುವಾಗುವುದು ಇ ಅಕ್ಷರದಿಂದ, ಆದರೆ ಕೇಳಿಸುವುದು ಯ. ಹಾಗಾಗಿ ‘ಎ ಯುರೋಪಿಯನ್’.

ಇನ್ನು ನಮ್ಮ ನಾಲಿಗೆಯ ಮೇಲೂ ಒಂದು ಕಣ್ಣಿರಬೇಕು. ಎಲೆಯನ್ನು ‘ಯೆಲೆ’, ಒಲೆಯನ್ನು ‘ವೊಲೆ’ ಅನ್ನುವುದು ನಮಗೆ ರೂಢಿ. ಅದೇ ಅಭ್ಯಾಸದಲ್ಲಿ ಎಗ್ ‘ಯೆಗ್’ ಆಗುತ್ತದೆ. ಆಗ ‘ಎ ಎಗ್’ ಸರಿ ಅಂತ ಅನ್ನಿಸಿಬಿಡುತ್ತದೆ. ಸರಿಯಾದದ್ದು ‘ಆ್ಯನ್ ಎಗ್’.

ಇದರ ಉಲ್ಟಾ ತಪ್ಪು ಇನ್ನೂ ಜಾಸ್ತಿ. ವರ್ಷ ಎನ್ನುವುದಕ್ಕೂ ಕಿವಿ ಎನ್ನುವುದಕ್ಕೂ ನಾವು ‘ಇಯರ್’ ಅಂತಲೇ ಹೇಳುತ್ತೇವೆ. ವರ್ಷದ ಪದಕ್ಕೆ ಮುಂದೆ ಒಂದು ತೆಳುವಾದ ಯ ಇದೆ, ಅದು ‘ಯಿಯರ್’. ಒಂದು ವರ್ಷದ ರಜೆ ಕೇಳುವಾಗ ‘ಆ್ಯನ್ ಇಯರ್’ ಅಂತ ಹೇಳಿದರೆ ಕೇಳಿದ್ದು ಒಂದು ಕಿವಿ! ಉಲ್ಲನ್ ಶಾಲಿನದೂ ಇದೇ ಕಥೆ. ಅದು ‘ವುಲ್ಲನ್’, ಆದ್ದರಿಂದ ‘ಎ ವುಲ್ಲನ್ ಶಾಲ್’. ‘ಒನ್ ವೇ’ ಅಂತ ಕನ್ನಡದಲ್ಲಿ ಬರೆಯುತ್ತೇವಾದರೂ ಸದ್ದು ‘ವನ್’, ಅಲ್ಲೂ ‘ಎ’. ಅನುಮಾನ ಬಂದಾಗ ಸ್ಪೆಲ್ಲಿಂಗ್ ನೋಡಿ. ದಿನಬಳಕೆಯ ಪದ ವೈ ಅಥವಾ ಡಬ್ಲ್ಯುನಿಂದ ಶುರುವಾದರೆ ಕಣ್ಣು ಮುಚ್ಚಿ ‘ಎ’ ಹಾಕಿ. ಇಂಗ್ಲಿಷ್ ಆಮಂತ್ರಣದಲ್ಲಿ ಯಕ್ಷಗಾನ ಬಂದರೂ ಅಷ್ಟೇ, ‘ಎ ಯಕ್ಷಗಾನ ಶೋ’.

ಸಂಕ್ಷಿಪ್ತ ಹೆಸರುಗಳಲ್ಲಿ ಓದುವ ರೀತಿ ನೋಡಿ. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯನ್ನು ಅಕ್ಷರ ಬಿಡಿಸಿ ಓದುತ್ತೇವೆ, ಮೊದಲ ಸದ್ದು ಎ. ಅದಕ್ಕೇ ‘ಆ್ಯನ್ ಎನ್‌ಐಟಿಕೆ ಸ್ಟೂಡೆಂಟ್’. ನೀಟ್ ಪರೀಕ್ಷೆಯ ಹೆಸರಿಗೂ ಮೊದಲ ಅಕ್ಷರ ಎನ್ನೇ, ಆದರೆ ಒಂದೇ ಪದವಾಗಿ ಓದುತ್ತೇವೆ. ಅದು ‘ಎ ನೀಟ್ ಕ್ಲಾಸ್’. ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜು ಎಂಐಟಿಯ ಹುಡುಗ ‘ಆ್ಯನ್ ಎಂಐಟಿ ಸ್ಟೂಡೆಂಟ್’, ಮೆಡಿಕಲ್ ಕಾಲೇಜು ಕೆಎಂಸಿಯವನು ‘ಎ ಕೆಎಂಸಿ ಸ್ಟೂಡೆಂಟ್’. ಎಕ್ಸ್‌ರೇ, ಎಟಿಎಂ, ಎಫ್‌ಐಆರ್‌ಗೆ ‘ಆ್ಯನ್’. ಯುಪಿಐಗೆ ‘ಎ’. ಎಚ್‌ಆರ್ ಮ್ಯಾನೇಜರ್‌ಗೂ ‘ಆ್ಯನ್’ ಬೇಕು. ನಮ್ಮಲ್ಲಿ ‘ಹೆಚ್’ ಅನ್ನುವವರು ತುಂಬಾ ಜನ, ಆದರೆ ಪರೀಕ್ಷೆಯಲ್ಲಿ ‘ಏಚ್’ ಎಂದೇ ಹಿಡಿಯಿರಿ.

ನಾಮಪದ ಯಾವುದೇ ಇರಲಿ, ತೀರ್ಮಾನ ‘ಎ’ ಅಥವಾ ‘ಆ್ಯನ್’ ಆದ ಕೂಡಲೇ ಬರುವ ಪದದ್ದು. ‘ಆ್ಯನ್ ಅಂಬ್ರೆಲಾ’. ಅದೇ ಕೊಡೆ ಕಪ್ಪಾದರೆ ‘ಎ ಬ್ಲ್ಯಾಕ್ ಅಂಬ್ರೆಲಾ’, ಹಳೆಯದಾದರೆ ‘ಆ್ಯನ್ ಓಲ್ಡ್ ಅಂಬ್ರೆಲಾ’.

ಇಷ್ಟೆಲ್ಲ ಮಾಡುವ ಮೊದಲು ಆ ವಸ್ತುವನ್ನು ಒಂದು, ಎರಡು ಅಂತ ಎಣಿಸಲಿಕ್ಕೆ ಆಗುತ್ತದಾ ನೋಡಿಕೊಳ್ಳಿ. ಬಹುವಚನಕ್ಕೆ ಎರಡೂ ಬೇಡ. ಇನ್ಫರ್ಮೇಶನ್, ಅಡ್ವೈಸ್, ಲಗೇಜ್, ಫರ್ನಿಚರ್ ಇವನ್ನು ಇಂಗ್ಲಿಷ್ ಎಣಿಸುವುದಿಲ್ಲ. ಸ್ವರ ಕಂಡ ಕೂಡಲೇ ‘ಆ್ಯನ್ ಅಡ್ವೈಸ್’ ಅಂತ ಬರೆದರೆ ಸದ್ದು ಸರಿ, ವ್ಯಾಕರಣ ತಪ್ಪು. ‘ಎ ಪೀಸ್ ಆಫ್ ಅಡ್ವೈಸ್’ ಅನ್ನಿ, ಇಲ್ಲದಿದ್ದರೆ ಬರೀ ‘ಅಡ್ವೈಸ್’ ಸಾಕು.