ಟಚ್‌ಪ್ಯಾಡ್ ಒತ್ತುತ್ತಿರಲಿಲ್ಲ, ಬದಲಿಸಿದ್ದು ಬ್ಯಾಟರಿ

"ಅಪ್ಪಾ, ಇದು ಒತ್ತವಲ್ದು ನೋಡು" ಅಂತ ಮಗಳು ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. ಟಚ್‌ಪ್ಯಾಡ್ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಅಂಗಡಿಗೆ ಒಯ್ದರೆ, ಮೇಲಿಂದಲೇ ನೋಡಿ "ಹೊಸ ಟಚ್‌ಪ್ಯಾಡ್ ಹಾಕಬೇಕು" ಅಂದರು. ಮನೆಗೆ ತಂದು ಮೇಜಿನ ಮೇಲೆ ಇಟ್ಟಾಗ ಅದು ಅಲ್ಲಾಡಿತು. ರಬ್ಬರ್ ಕಾಲುಗಳು ನಾಲ್ಕೂ ಮೇಜಿಗೆ ತಾಗುತ್ತಿರಲಿಲ್ಲ. ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದೆ. ತಳ ನಡುವೆ ಉಬ್ಬಿತ್ತು. ಟಚ್‌ಪ್ಯಾಡ್‌ನ ಕೆಳಗೇ ಇರುವುದು ಬ್ಯಾಟರಿ. ಅದು ಊದಿಕೊಂಡು ಮೇಲಕ್ಕೂ ಕೆಳಕ್ಕೂ ಒತ್ತುತ್ತಿತ್ತು. ಹೊಸ ಟಚ್‌ಪ್ಯಾಡ್ ಹಾಕಿಸಿದ್ದರೆ ಅದೂ ಹಾಗೇ ಬಿಗಿದುಕೊಳ್ಳುತ್ತಿತ್ತು.

ತಕ್ಷಣ ಚಾರ್ಜರ್ ಕಿತ್ತೆ. ಚಾರ್ಜ್ ಶೇಕಡಾ 22 ಇತ್ತು. ಮಗಳ ಪ್ರಾಜೆಕ್ಟ್ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವಷ್ಟರಲ್ಲಿ 14ಕ್ಕೆ ಇಳಿಯಿತು. ಅಷ್ಟು ಹೊತ್ತೂ ಎದ್ದು ಹೋಗದೆ ಪಕ್ಕದಲ್ಲೇ ಕೂತಿದ್ದೆ. ಲಿಥಿಯಂ ಬ್ಯಾಟರಿಯಲ್ಲಿ ಚಾರ್ಜ್ ಎಷ್ಟು ಕಡಿಮೆ ಇದ್ದರೆ ಬಿಚ್ಚುವಾಗ ಅಷ್ಟು ಕ್ಷೇಮ. ತುಂಬಿದ ಸೆಲ್‌ಗೆ ಸ್ಕ್ರೂಡ್ರೈವರ್ ತುದಿ ಚುಚ್ಚಿದರೆ ಬೆಂಕಿಯೇ ಏಳಬಹುದು. ಅದೇ ಹೊತ್ತಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿದೆ. ಹೊಸದಿದ್ದಾಗ 41,040 ಮಿಲಿವ್ಯಾಟ್ ಅವರ್ ಹಿಡಿಯುತ್ತಿದ್ದದ್ದು ಈಗ 17,900 ಹಿಡಿಯುತ್ತಿತ್ತು.

ಆಫ್ ಮಾಡುವಾಗ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಬರೀ ಶಟ್‌ಡೌನ್ ಮಾಡಿದಾಗ ಅದು ಪೂರ್ತಿ ಆಫ್ ಆಗುವುದಿಲ್ಲ. ಆಮೇಲೆ ಹೊರಗೆ ಪಡಸಾಲೆಯ ಕಲ್ಲುಹಾಸಿನ ಮೇಲೆ ಕೂತೆ. ಪಕ್ಕದಲ್ಲಿ ಒಂದು ಬಕೆಟ್ ಮರಳು.

ಸ್ಕ್ರೂ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಬಹಳ ಜನ ಯಂತ್ರ ಹಾಳು ಮಾಡಿಕೊಳ್ಳುವುದು ಇಲ್ಲಿಯೇ. ಎಲ್ಲವೂ ಒಂದೇ ಉದ್ದ ಇರುವುದಿಲ್ಲ. ಗಿಡ್ಡ ಸ್ಕ್ರೂ ಇದ್ದ ತೂತಿಗೆ ಉದ್ದದ್ದನ್ನು ತಿರುಗಿಸಿದರೆ ಅದು ಮೇಲಿನ ಪ್ಲಾಸ್ಟಿಕ್ ಒಡೆದು ಹೊರಗೆ ಬರುತ್ತದೆ, ಇಲ್ಲವೇ ಮದರ್‌ಬೋರ್ಡಿಗೆ ತಾಗುತ್ತದೆ. ಮನೆಯಲ್ಲಿ ಪೇಡೆಯ ಖಾಲಿ ಡಬ್ಬ ಇತ್ತು. ಅದರ ಮುಚ್ಚಳದ ಮೇಲೆ ಲ್ಯಾಪ್‌ಟಾಪಿನ ತಳದ ನಕ್ಷೆ ಬರೆದೆ. ಒಂದೊಂದು ಸ್ಕ್ರೂ ತೆಗೆದ ಹಾಗೆ ಅದೇ ಜಾಗದಲ್ಲಿ ರಟ್ಟಿಗೆ ಚುಚ್ಚುತ್ತ ಹೋದೆ. ನಕ್ಷತ್ರದ ತಲೆಯದು ಒಂದೂ ಇರಲಿಲ್ಲ, ಎಲ್ಲಕ್ಕೂ ಸೊನ್ನೆ ನಂಬರಿನ ಫಿಲಿಪ್ಸ್, ಅಂದರೆ ಪ್ಲಸ್ ತುದಿಯ ಸ್ಕ್ರೂಡ್ರೈವರ್ ಸಾಕಾಯಿತು. ಎಂಟು ಬಂದವು. ಹಳೆಯ ಡೆಬಿಟ್ ಕಾರ್ಡನ್ನು ಸಂದಿಯಲ್ಲಿ ತೂರಿಸಿ ಸರಿಸುತ್ತ ಹೋದರೆ ಕ್ಲಿಪ್ಪುಗಳು ಟಕ್ ಟಕ್ ಅಂತ ಬಿಟ್ಟುಕೊಂಡವು. ಹಿಂದಿನ ಎರಡು ಮೂಲೆ ಮಾತ್ರ ಬಿಡಲಿಲ್ಲ. ಎತ್ತಿದೆ, ಇನ್ನೂ ಸ್ವಲ್ಪ ಎತ್ತಿದೆ, ಪ್ಲಾಸ್ಟಿಕ್ ಸಣ್ಣಗೆ ಚಿಟಿಲ್ ಅಂದಿತು. ಅಲ್ಲಿಗೆ ಕೈ ನಿಲ್ಲಿಸಿದೆ. ಹಿಂದಿನ ರಬ್ಬರ್ ಕಾಲುಗಳನ್ನು ಉಗುರಿನಿಂದ ಎಬ್ಬಿಸಿ ನೋಡಿದರೆ ಅವುಗಳ ಅಡಿಯಲ್ಲಿ ಇನ್ನೆರಡು ಸ್ಕ್ರೂ! ಅವನ್ನು ತೆಗೆದ ಮೇಲೆ ತಳ ತಾನಾಗಿಯೇ ಎದ್ದುಬಂತು.

ಒಳಗೆ ಮೂರು ಸೆಲ್. ನಡುವಿನದು ಪೂರಿಯ ಹಾಗೆ ಉಬ್ಬಿತ್ತು. ವಾಸನೆ ಏನೂ ಇರಲಿಲ್ಲ, ಹೊದಿಕೆ ಹರಿದಂತೆ ಕಾಣಲಿಲ್ಲ. ಸೆಲ್‌ನೊಳಗಿನ ದ್ರವ ಒಡೆದು ಅನಿಲವಾಗುವುದರಿಂದ ಹೀಗೆ ಊದುತ್ತದೆ. ಹಗಲೂ ರಾತ್ರಿ ನೂರು ಪರ್ಸೆಂಟ್ ಚಾರ್ಜ್‌ನಲ್ಲೇ ಇಡುವುದು, ಜೊತೆಗೆ ಶಾಖ, ಇವೆರಡೂ ಅದನ್ನು ಬೇಗ ಮಾಡುತ್ತವೆ. ನಮ್ಮಲ್ಲಿ 2020ರಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗಿನಿಂದ ಇದು ಹಾಸಿಗೆಯ ಮೇಲೆ, ಚಾರ್ಜರ್ ಸಿಕ್ಕಿಸಿಕೊಂಡೇ ಇತ್ತು. ಗಾಳಿ ಹೋಗುವ ಕಿಂಡಿಗಳೆಲ್ಲ ದುಪ್ಪಟಿಯಡಿ ಮುಚ್ಚಿಹೋಗುತ್ತಿದ್ದವು.

ಮೊದಲು ಬ್ಯಾಟರಿಯನ್ನು ಬೋರ್ಡಿಗೆ ಸೇರಿಸುವ ಕನೆಕ್ಟರ್ ಬಿಡಿಸಿದೆ. ವೈರು ಹಿಡಿದು ಎಳೆಯಲಿಲ್ಲ. ಎರಡೂ ಬದಿಗೆ ಉಗುರು ಕೊಟ್ಟು ಬೋರ್ಡಿಗೆ ಸಮನಾಗಿ ಹಿಂದಕ್ಕೆ ಸರಿಸಿದೆ. ಕೆಲವು ಯಂತ್ರಗಳಲ್ಲಿ ಮೇಲಕ್ಕೆ ಎತ್ತಬೇಕಾಗುತ್ತದೆ, ಬಲ ಹಾಕುವ ಮೊದಲು ಅದನ್ನು ನೋಡಿಕೊಳ್ಳಿ. ಆಮೇಲೆ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಬೋರ್ಡಿನಲ್ಲಿ ಉಳಿದ ಕರೆಂಟ್ ಹೋಗಲು ಬಿಟ್ಟೆ. ಬ್ಯಾಟರಿ ಅಂಚಿನಲ್ಲಿ ಸ್ಪೀಕರ್ ವೈರು ಹಾದುಹೋಗಿತ್ತು. ಅದರ ದಾರಿಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು, ನಾಲ್ಕು ಸ್ಕ್ರೂ ಬಿಚ್ಚಿ, ಬ್ಯಾಟರಿಯನ್ನು ಬಗ್ಗಿಸದೆ ಎರಡೂ ಕೈಯಲ್ಲಿ ಎತ್ತಿ ಮರಳಿನಲ್ಲಿ ಇಟ್ಟೆ.

ಹೊಸದನ್ನು ಆಗಲೇ ತರಿಸಿದ್ದೆ, ಲ್ಯಾಪ್‌ಟಾಪ್ ಮಾಡೆಲ್ ಹೆಸರು ನೋಡಿ. ಅದು ಕೂರಲಿಲ್ಲ. ಒಂದೇ ಮಾಡೆಲ್‌ನಲ್ಲಿ ಹಾರ್ಡ್ ಡಿಸ್ಕ್ ಇರುವುದಕ್ಕೆ ಚಿಕ್ಕ ಬ್ಯಾಟರಿ, ಇಲ್ಲದ್ದಕ್ಕೆ ಉದ್ದದ್ದು ಅಂತ ಎರಡು ಬಗೆ ಇದ್ದವು. ಹಿಂದಿರುಗಿಸಿ, ಈ ಸಲ ಹಳೆಯದರ ಲೇಬಲ್ ಮೇಲಿನ ಪಾರ್ಟ್ ನಂಬರು, 11.4 ವೋಲ್ಟ್, 41 ವ್ಯಾಟ್ ಅವರ್, ಮೂರನ್ನೂ ತಾಳೆ ನೋಡಿ ತರಿಸಿದೆ. ಲೇಬಲ್ ಸುಳ್ಳು ಹೇಳುತ್ತಿದೆಯೇ ಅಂತ ನೋಡಲು ವೋಲ್ಟನ್ನು ಆಂಪ್ ಅವರ್‌ನಿಂದ ಗುಣಿಸಿ: 11.4 ಗುಣಿಲೆ 3.6 ಅಂದರೆ 41.04. ಲೆಕ್ಕ ಕೂಡದ ಬ್ಯಾಟರಿಯನ್ನು ನಾನಂತೂ ಮನೆಯೊಳಗೆ ತರುವುದಿಲ್ಲ. ಅದು ಬರುವ ತನಕ ಐದು ದಿನ ಬರೀ ಚಾರ್ಜರ್ ಮೇಲೆ ನಡೆಸಿದೆವು. ಕೆಲವು ಲ್ಯಾಪ್‌ಟಾಪ್‌ಗಳು ಬ್ಯಾಟರಿ ಇಲ್ಲದೆ ಶುರುವಾಗುವುದೇ ಇಲ್ಲ, ನಮ್ಮದು ಆಯಿತು. ಕರೆಂಟ್ ಹೋದರೆ ಮಾತ್ರ ಬರೆದದ್ದು ಹೋದಂತೆಯೇ, ಹಾಗಾಗಿ ಮಗಳು ಗಳಿಗೆಗೊಮ್ಮೆ ಸೇವ್ ಒತ್ತುತ್ತಿದ್ದಳು.

ಜೋಡಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಪೇಡೆ ಡಬ್ಬದ ಮುಚ್ಚಳ ನೋಡಿಕೊಂಡು ಒಂದೊಂದೇ ಸ್ಕ್ರೂ ಹಾಕಿದೆ, ಒಂದೂ ಮಿಗಲಿಲ್ಲ. ಟಚ್‌ಪ್ಯಾಡ್ ಮುಂಚಿನ ಹಾಗೆ ಟಿಕ್ ಅಂತು. ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್‌ಗಳಲ್ಲಿ, ಚಾರ್ಜ್ ಶೇಕಡಾ 80ಕ್ಕೆ ನಿಲ್ಲುವಂತೆ ಮಾಡಿದೆ.

ಊದಿದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲಿ ಅದುಮಿದಾಗ ಹೊತ್ತಿಕೊಂಡರೆ ಸುಡುವುದು ಕಸ ಎತ್ತುವವರ ಕೈ. ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬ್ಯಾಟರಿ ತಯಾರಕರ ಮೇಲೆಯೇ ಹೊರಿಸಿವೆ. ನಾನು ಕನೆಕ್ಟರ್ ಬಾಯಿಗೆ ಟೇಪ್ ಸುತ್ತಿ, ಮರಳು ತುಂಬಿದ ಡಬ್ಬದಲ್ಲೇ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೈಯಾರೆ ಕೊಟ್ಟು ಬಂದೆ.