ಊಟಿ ಟ್ರಿಪ್ ಪ್ಲಾನ್ ಮಾಡೋದಾದ್ರೆ ವಾಪಸ್ ಬರೋ ದಿನದಿಂದ ಶುರು ಮಾಡಿ

ನಮ್ಮ ಮನೇಲಿ, ಆಫೀಸಲ್ಲಿ ಯಾರು ಊಟಿಗೆ ಕಾರಲ್ಲಿ ಹೊರಟ್ರೂ ಪ್ಲಾನೆಲ್ಲ ಹೋಗೋದರ ಬಗ್ಗೆನೇ ಇರತ್ತೆ, ಎಷ್ಟೊತ್ತಿಗೆ ಬಿಡೋದು, ತಿಂಡಿ ಎಲ್ಲಿ, ಯಾವ ವ್ಯೂ ಪಾಯಿಂಟ್. ವಾಪಸ್ ಬರೋದಾ? "ಸಂಜೆ ಹೊರಟ್ರಾಯ್ತು ಬಿಡಿ." ನಮ್ಮ ಭಾವ ಹಿಂಗೇ ಸಾಯಂಕಾಲ ಐದೂವರೆಗೆ ಊಟಿ ಬಿಟ್ಟು, ನಡುವಟ್ಟಂ ಹತ್ರ ಮಂಜಲ್ಲಿ ತೆವಳ್ಕೊಂಡು, ಗೂಡಲೂರಲ್ಲಿ ಊಟಕ್ಕೆ ನಿಲ್ಲಿಸಿ, ಕಾಡು ಶುರುವಾಗೋ ತೊರಪಳ್ಳಿ ಚೆಕ್‌ಪೋಸ್ಟ್ ಗೇಟಿಗೆ ಬಂದಾಗ ಒಂಬತ್ತೂ ಹತ್ತು. ಗೇಟ್ ಹಾಕಿತ್ತು. ಎರಡು ಮಕ್ಕಳನ್ನ ಕಟ್ಕೊಂಡು ಆ ರಾತ್ರಿ ಲಾಡ್ಜ್ ಹುಡುಕಿದ್ದನ್ನ ನಮ್ಮಕ್ಕ ಇವತ್ತಿಗೂ ಆಡ್ಕೋತಾಳೆ.

ಅದಕ್ಕೇ ಮೊದಲನೇ ಕೆಲಸ ಅಂದ್ರೆ ಗೇಟ್ ಟೈಮ್ ಬರ್ಕೊಳ್ಳೋದು. ಬಂಡೀಪುರ, ಮುದುಮಲೆ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಘಾಟಿ ಇಳಿಯೋದು ಬೆಳಕಲ್ಲೇ ಮುಗೀಬೇಕು, ಭಾನುವಾರ ಆದ್ರೆ ಗೂಡಲೂರಲ್ಲಿ ಟ್ರಾಫಿಕ್ ಗ್ಯಾರಂಟಿ. ನನ್ನ ಪ್ರಕಾರ ಮಧ್ಯಾಹ್ನ 1 ಗಂಟೆಗೆ ಊಟಿ ಬಿಡಬೇಕು, ಚಾಕೊಲೇಟು ಯೂಕಲಿಪ್ಟಸ್ ಎಣ್ಣೆ ಶಾಪಿಂಗ್ ಎಲ್ಲ ಹಿಂದಿನ ದಿನಾನೇ ಮುಗಿಸ್ಕೊಳ್ಳಿ.

ಎರಡನೇದು ಇ-ಪಾಸ್, ಅಂದ್ರೆ ಹೊರಗಿನ ಗಾಡಿ ಊಟಿಗೆ ಹೋಗೋಕೆ ಬೇಕಾದ ಪರ್ಮಿಷನ್. 2024ರ ಮೇ ತಿಂಗಳಿಂದ ಮದ್ರಾಸ್ ಹೈಕೋರ್ಟ್ ಆದೇಶದಿಂದ ಬಂದಿದ್ದು, ಆನ್‌ಲೈನಲ್ಲಿ ಫ್ರೀ. ಮಾಡ್ಕೊಡ್ತೀನಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ. ಸೀಸನ್ನಲ್ಲಿ ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಇರತ್ತೆ, ಆದ್ದರಿಂದ ರೂಮ್ ಬುಕ್ ಮಾಡೋಕೆ ಮುಂಚೆ ಪಾಸ್ ಮಾಡಿ. ಪ್ಲಾಸ್ಟಿಕ್ ನೀರಿನ ಬಾಟಲಿ ಮನೇಲೇ ಬಿಡಿ, ಸ್ಟೀಲ್ ಬಾಟಲಿ ಹಿಡ್ಕೊಳ್ಳಿ.

ಪೆಟ್ರೋಲ್ ಗುಂಡ್ಲುಪೇಟೆಲಿ ಹಾಕ್ಸಿ.

ಮೂರನೇದು ದಾರಿ. ಹೋಗೋವಾಗ ಮುದುಮಲೆ ಕಾಡೊಳಗೆ ತೆಪ್ಪಕಾಡಲ್ಲಿ ರಸ್ತೆ ಎರಡಾಗತ್ತೆ. ಎಡಕ್ಕೆ ಮಸಿನಗುಡಿ, ಕಲ್ಲಟ್ಟಿ ಘಾಟಿ, 36 ಹೇರ್‌ಪಿನ್ ತಿರುವು, ದೂರ ಕಮ್ಮಿ ಆದ್ರೆ ಏರು ಭಯಂಕರ. ಬಲಕ್ಕೆ ಗೂಡಲೂರು, ಸುತ್ತು ಆದ್ರೂ ಆರಾಮ. ಹತ್ತೋಕೆ ಕಲ್ಲಟ್ಟಿ ಓಕೆ, ಇಳಿಯೋಕೆ ಹೊರಗಿನ ಗಾಡಿಗಳನ್ನ ಬಿಡಲ್ಲ, ಬ್ರೇಕ್ ಫೇಲಾಗಿ ಅಷ್ಟು ಆಕ್ಸಿಡೆಂಟ್ ಆಗಿವೆ ಅಲ್ಲಿ. ಮ್ಯಾಪ್ ಹತ್ತಿರದ ದಾರಿ ಅಂತ ಅದನ್ನೇ ತೋರಿಸಿದ್ರೂ ನಂಬಬೇಡಿ, ಊಟಿ ಹತ್ರ ತಲೈಕುಂದದಲ್ಲಿ ಪೊಲೀಸ್ರು ವಾಪಸ್ ಕಳಿಸ್ತಾರೆ. ವಾಪಸ್ ಬರೋದು ಗೂಡಲೂರು ಮೇಲೇ ಅಂತ ಮನೇಲೇ ತೀರ್ಮಾನ ಮಾಡ್ಕೊಳ್ಳಿ.

ಈಗ ಎಲ್ಲರೂ ಎಡವಟ್ಟು ಮಾಡೋ ಜಾಗ, ಇಳಿಯೋದು. ಬೆಂಗಳೂರು ಟ್ರಾಫಿಕಲ್ಲಿ ಓಡಿಸಿದ ಕಾಲು ಬ್ರೇಕ್ ಮೇಲೇ ಕೂತಿರತ್ತೆ. ಘಾಟಿಲಿ ಹಂಗೆ ಒತ್ಕೊಂಡೇ ಬಂದ್ರೆ ಪ್ಯಾಡು ಡಿಸ್ಕು ಕಾದು, ಬ್ರೇಕ್ ಆಯಿಲ್ ಕುದ್ದು, ಪೆಡಲ್ ಸ್ಪಂಜ್ ಥರ ಒಳಗೆ ಹೋಗ್ಬಿಡತ್ತೆ. ಆಯಿಲ್ ಹಳೇದಾದಷ್ಟೂ ನೀರಿನ ತೇವ ಎಳ್ಕೊಂಡಿರತ್ತೆ, ಬೇಗ ಕುದಿಯತ್ತೆ, ಎರಡು ವರ್ಷ ದಾಟಿದ್ರೆ ಹೊರಡೋಕೆ ಮುಂಚೆ ಬದಲಾಯಿಸಿ. ಇಳಿಜಾರು ಶುರುವಾಗೋಕೆ ಮುಂಚೆನೇ ಎರಡನೇ ಗೇರು, ಕಡಿದಾದ ತಿರುವಲ್ಲಿ ಒಂದನೇದು, ಇಂಜಿನ್ನೇ ಗಾಡಿನ ಹಿಡ್ಕೊಳ್ಳತ್ತೆ, ಕುಯ್ಯೋ ಅಂತ ಕೂಗಿದ್ರೆ ಹೆದರಬೇಡಿ. ಬ್ರೇಕನ್ನ ಗಟ್ಟಿಯಾಗಿ ಒಂದ್ಸಲ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಸವರ್ತಾ ಇರಬೇಡಿ. ಆಟೋಮ್ಯಾಟಿಕ್ ಆದ್ರೆ ಎಲ್ (ಲೋ ಗೇರು) ಅಥವಾ ಮ್ಯಾನ್ಯುಯಲ್ ಮೋಡಿಗೆ ಹಾಕಿ, ಅದು ನಿಮ್ಮ ಗಾಡಿಲಿ ಎಲ್ಲಿದೆ ಅಂತ ಮನೆ ಮುಂದೆನೇ ನೋಡ್ಕೊಂಡಿರಿ.

ಪೆಟ್ರೋಲ್ ಉಳಿಸೋಕೆ ನ್ಯೂಟ್ರಲಲ್ಲಿ ಬಿಡ್ತೀನಿ ಅನ್ನೋ ಬುದ್ಧಿವಂತರಿಗೆ ಒಂದು ಮಾತು, ಈಗಿನ ಕಾರಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿದ್ರೆ ಇಂಜಿನ್ನಿಗೆ ಪೆಟ್ರೋಲ್ ಹೋಗೋದೇ ನಿಲ್ಲತ್ತೆ, ನ್ಯೂಟ್ರಲಲ್ಲೇ ಖರ್ಚಾಗೋದು. ಸುಟ್ಟ ವಾಸನೆ ಬಂದ್ರೆ ಅಗಲ ಇರೋ ಜಾಗದಲ್ಲಿ ನಿಲ್ಸಿ, ಅರ್ಧ ಗಂಟೆ ಟೀ ಕುಡೀರಿ. ಬಿಸಿ ಡಿಸ್ಕ್ ಮೇಲೆ ನೀರು ಹುಯ್ಯಬೇಡಿ, ಡೊಂಕಾಗತ್ತೆ.

ತಿರುವಲ್ಲಿ ಎದುರಿಂದ ಹತ್ತಿ ಬರೋ ಗಾಡಿಗೆ ದಾರಿ ಬಿಡಬೇಕು, ಅದು ಕಾನೂನೂ ಹೌದು. ಮಂಜಲ್ಲಿ ಹೈಬೀಮ್ ಬೇಡ, ಡಿಮ್ಮೇ ಸರಿ.

ಇನ್ನೊಂದು, ಡ್ಯಾಶ್‌ಬೋರ್ಡ್ ಮೇಲಿರೋ ಆ ಸಿಹಿ ವಾಸನೆ ಪರ್ಫ್ಯೂಮ್ ಡಬ್ಬಿ ತೆಗೆದು ಬಿಸಾಕಿ. ತಿರುವಲ್ಲಿ ಬರೋ ವಾಂತಿನ ಆ ವಾಸನೆ ಇನ್ನೂ ಜಾಸ್ತಿ ಮಾಡತ್ತೆ. ಕಿಟಕಿ ಇಳಿಸಿ, ನಿಂಬೆಹಣ್ಣು ಇಟ್ಕೊಳ್ಳಿ, ಮಾತ್ರೆ ತಗೊಳ್ಳೋರು ಘಾಟಿ ಶುರುವಾಗೋಕೆ ಅರ್ಧ ಗಂಟೆ ಮುಂಚೆನೇ ತಗೊಳ್ಳಿ.

ಕಾಡಲ್ಲಿ ಎಲ್ಲೂ ನಿಲ್ಲಿಸಬೇಡಿ, ಆನೆ ಕಂಡ್ರೂ ಇಳೀಬೇಡಿ, ಕೋತಿಗೆ ಬಿಸ್ಕತ್ತು ಹಾಕಬೇಡಿ. ಫೋಟೋ ಬೇಕಿದ್ರೆ ಗುಂಡ್ಲುಪೇಟೆ ಹತ್ರ ಮಳೆಗಾಲದಲ್ಲಿ ಸೂರ್ಯಕಾಂತಿ ಹೊಲ ಸಿಗ್ತವೆ, ಒಳಗೆ ಕಾಲಿಡೋಕೆ ಮುಂಚೆ ಹೊಲದವರನ್ನ ಕೇಳಿ, ಇಪ್ಪತ್ತೋ ಮೂವತ್ತೋ ಕೇಳ್ತಾರೆ, ಚೌಕಾಸಿ ಮಾಡದೆ ಕೊಡಿ.