ಮೃತ್ಯುಂಜಯ ಹೊಳೆಯ ಕಲ್ಲುಗಳನ್ನು ಹಿಂಬಾಲಿಸಿದ ಅನುಭವ

2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿಯ ಗುಡ್ಡಗಳು ಕುಸಿದು ಮೃತ್ಯುಂಜಯ ಹೊಳೆಯ ಪಾತ್ರಕ್ಕೆ ಇಳಿದ ಕಲ್ಲುರಾಶಿಯು ಮಳೆಗಾಲವೊಂದರಲ್ಲಿ ಎಷ್ಟು ಸರಿಯುತ್ತದೆ ಎಂದು ಅಳೆಯಲು ನಾನು ಹೊರಟಾಗ, "ಘಟ್ಟದ ಹೊಳೆಗೆ ಬಿಟ್ಟ ಕಲ್ಲು ಮರಳಿ ಸಿಕ್ಕಿದ್ದುಂಟೇ?" ಎಂದು ಹಿರಿಯರು ನಕ್ಕರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಹಳದಿ ಬಣ್ಣ ಬಳಿದ ಸುಮಾರು 200 ಕಲ್ಲುಗಳಲ್ಲಿ ಸಿಕ್ಕಿದ್ದು 11. ತಳದಲ್ಲಿ ಉರುಳುವ ಜಲ್ಲಿಯನ್ನು ಚೀಲದಲ್ಲಿ ಹಿಡಿಯುವ ಹೆಲಿ-ಸ್ಮಿತ್ ಸಂಗ್ರಾಹಕದ 3 ಇಂಚಿನ ಬಾಯಿಗೆ ಅಲ್ಲಿನ ದೊಡ್ಡ ಕಲ್ಲುಗಳು ಹಿಡಿಯಲಿಲ್ಲ. ಕೊನೆಗೆ ಹಗ್ಗ ಹರಿದು ಅದೂ ಹೊಳೆಯ ಪಾಲಾಯಿತು.

ಎರಡನೆಯ ವರ್ಷ 23 ಮಿಲಿಮೀಟರಿನ ಪಿಟ್ ಟ್ಯಾಗ್‌ಗಳನ್ನು (ಆಂಟೆನಾ ಹತ್ತಿರ ಬಂದಾಗ ತಮ್ಮ ಗುರುತಿನ ಸಂಖ್ಯೆ ಕಳಿಸುವ, ಬ್ಯಾಟರಿಯಿಲ್ಲದ ಪುಟ್ಟ ಚಿಪ್ಪುಗಳು) ಕಲ್ಲು ಕೊರೆದು ಒಳಗೆ ಕೂರಿಸಿದೆ. ಟ್ಯಾಗಿಗಿಂತ ಕೊರೆಯುವ ವಜ್ರದ ಬಿಟ್ಟುಗಳೇ ದುಬಾರಿಯಾದವು: ಒಂದೊಂದು ಆರೇಳು ಕಲ್ಲಿಗೇ ಸವೆಯುತ್ತಿತ್ತು, ಆ ಬಾಬತ್ತಿಗೇ ಹತ್ತಿರ ಹತ್ತಿರ 15,000 ರೂಪಾಯಿ ಕೈಯಿಂದ ಹೋಯಿತು. ಹಸಿಗಲ್ಲಿನ ತೂತಿಗೆ ತುಂಬಿದ ಎಪಾಕ್ಸಿ ಅಂಟು ಕಿತ್ತುಬಂದದ್ದರಿಂದ, ಮುಂದಿನ ಕಂತಿನ ಕಲ್ಲುಗಳನ್ನು ಅಡಿಕೆಯ ಅಂಗಳದಲ್ಲಿ ಎರಡು ದಿನ ಒಣಗಿಸಿದ ಮೇಲೆಯೇ ಮುಚ್ಚಿದೆ. ಟ್ಯಾಗುಗಳು ಒಂದರ ಪಕ್ಕ ಒಂದಿದ್ದರೆ ಆಂಟೆನಾಕ್ಕೆ ಎರಡನ್ನೂ ಓದಲಾಗದು. ಆದ್ದರಿಂದ ಕಲ್ಲುಗಳನ್ನು ದೂರದೂರ ಬಿಟ್ಟೆ. ಆಂಟೆನಾವನ್ನು ಪಿವಿಸಿ ಕೊಳವೆಗೆ ನಾನೇ ಸುತ್ತಿದೆ. ಎಷ್ಟು ಸುತ್ತು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅರ್ಧ ಮೀಟರ್ ಆಳದ ಟ್ಯಾಗನ್ನೂ ಅದು ಓದಿತು ಎಂದರೆ ಸಾಕು.

ಡಿಸೆಂಬರಿನಲ್ಲಿ 140ರಲ್ಲಿ ತೊಂಬತ್ತಕ್ಕೂ ಹೆಚ್ಚು ಕಲ್ಲುಗಳು ಸಿಕ್ಕವು. ಹೆಚ್ಚಿನವು ನೂರು ಮೀಟರಿನೊಳಗೇ ನಿಂತಿದ್ದವು, ಒಂದು ಮಾತ್ರ ಅರ್ಧ ಕಿಲೋಮೀಟರ್ ದಾಟಿತ್ತು. ನಕ್ಕವರಲ್ಲಿ ಒಬ್ಬರು ಈಗ ಆಂಟೆನಾ ಎರವಲು ಕೇಳುತ್ತಿದ್ದಾರೆ.

ಜೊತೆಗೆ, ತಳ ಎಷ್ಟು ಆಳ ಕೊರೆಯಿತೆಂದು ತಿಳಿಯಲು ಮಳೆಗಾಲಕ್ಕೆ ಮೊದಲೇ ತಳದಲ್ಲಿ ನೆಟ್ಟಗೆ ಹೂತಿದ್ದ ಸರಪಳಿಯೊಂದು ಹಳೆಯ ತಳಕ್ಕಿಂತ 40 ಸೆಂಟಿಮೀಟರ್ ಕೆಳಗೆ ಬಾಗಿ ಮಲಗಿತ್ತು, ಅದರ ಮೇಲೆ 55 ಸೆಂಟಿಮೀಟರ್ ಜಲ್ಲಿ ಕೂತಿತ್ತು. ಮಳೆಗಾಲದ ಮೊದಲು ಮತ್ತು ಆಮೇಲೆ ಬರೇ ಮಟ್ಟ ಅಳೆದಿದ್ದರೆ ತಳ 15 ಸೆಂಟಿಮೀಟರ್ ಏರಿದೆ ಎಂದಷ್ಟೇ ಬರೆದು, ನಡುವಿನ ಕೊರೆತವನ್ನು ಪೂರ್ತಿ ತಪ್ಪಿಸಿಕೊಳ್ಳುತ್ತಿದ್ದೆ.

ಕುತೂಹಲಕ್ಕೆ ಹತ್ತು ಮುರಕಲ್ಲಿನ ತುಂಡುಗಳಿಗೂ ಟ್ಯಾಗು ಹಾಕಿದ್ದೆ. ಎರಡು ಟ್ಯಾಗು ಸಿಕ್ಕವು, ಸುತ್ತಲಿನ ಕಲ್ಲು ಸವೆದು ಹೋಗಿತ್ತು. ಇನ್ನು ಟ್ಯಾಗು ಹಾಕಿದ ನಾಲ್ಕು ಉರುಟುಗಲ್ಲುಗಳ ಸಂಕೇತ ದಂಡೆಯ ಮೇಲಿನ ತೋಟದ ಹೊಸ ಕಟ್ಟಪುಣಿಯೊಳಗಿಂದ (ಬದುವಿನೊಳಗಿಂದ) ಬಂದಿತು. ಅವನ್ನು ಹೊಳೆ ಸಾಗಿಸಿರಲಿಲ್ಲವಾದ್ದರಿಂದ ಲೆಕ್ಕದಿಂದ ತೆಗೆದೆ. ಕಟ್ಟಪುಣಿಯಿಂದ ಕೀಳಲು ತೋಟದ ಯಜಮಾನರು ಒಪ್ಪಲಿಲ್ಲ.